ಬೇಸಾಯದ ಹುಟ್ಟು ಮತ್ತು ನೆಲದ ಋಣ

(ಮೇಡ್ಲೇರಿ ಗ್ರಾಮದಲ್ಲಿ ಕೂಡಿದ ಹಿಡುವಳಿದಾರರ ಮತ್ತು ಗ್ರಾಮ ಪ್ರಮುಖರ ಸಭೆಯಲ್ಲಿ ವ್ಯವಸಾಯದ ಇನ್‌ಸ್ಪೆಕ್ಟರರು ಮಾಡಿದ ಭಾಷಣ)



ಈ ದಿನ ಬೆಳಗ್ಗೆ ನಾನು ತಮ್ಮ ಊರಿನ ಹೊಲಗಳನ್ನು ನೋಡಿಕೊಂಡು ಬರುತ್ತಿರುವಾಗ, ಗೋವಿನಜೋಳದ ಹೊಲದ ಬದುವಿನ ಮೇಲೆ ನಿಂತಿದ್ದ ಒಬ್ಬ ವೃದ್ಧರು ನನ್ನನ್ನು ಒಂದು ಪ್ರಶ್ನೆ ಕೇಳಿದರು. “ಸಾಹೇಬ್ರ, ವರ್ಷಾ ಚೀಲಗಟ್ಟಲೆ ಗೊಬ್ಬರಾ ಹಾಕ್ತೀನಿ, ಆದರೂ ಮೊದಲಿನ ಪೀಕು ಬರವಲ್ದು. ಭೂಮಿಗೂ ಮುಪ್ಪು ಬರತೈತೇನ್ರಿ?” ಎಂದರು. ಇದು ಥಟ್ಟನೆ ಉತ್ತರ ಕೊಟ್ಟು ಮುಂದೆ ಹೋಗತಕ್ಕ ಪ್ರಶ್ನೆಯಲ್ಲ. ಆದುದರಿಂದ ಅದರ ಉತ್ತರವನ್ನು ಈ ಸಭೆಯ ಮುಂದೆಯೇ ಅರಿಕೆ ಮಾಡಿಕೊಳ್ಳುವುದಾಗಿ ಅವರಿಗೆ ತಿಳಿಸಿ ಬಂದಿದ್ದೇನೆ. ಈ ಉತ್ತರಕ್ಕಾಗಿ ನಾವು ಸುಮಾರು ಐದು ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ. ಬಹು ದೂರದ ದೇಶಕ್ಕೇನೂ ಹೋಗಬೇಕಾದುದಿಲ್ಲ. ಇದೇ ತುಂಗಭದ್ರೆಯ ದಂಡೆಯನ್ನು ಹಿಡಿದು ಸ್ವಲ್ಪ ಮೇಲಕ್ಕೆ ನಡೆದರೆ ಸಾಕು.

ಮನುಷ್ಯ ಜಾತಿಯು ಈ ಭೂಮಿಯ ಮೇಲೆ ಹುಟ್ಟಿ ಸುಮಾರು ಮೂರು ಲಕ್ಷ ವರ್ಷಗಳಾದುವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಈ ಇಡೀ ಕಾಲವನ್ನು ಅರುವತ್ತು ಘಳಿಗೆಗಳ ಒಂದು ಹಗಲಿರುಳೆಂದು ಎಣಿಸೋಣ. ಆಗ ಮನುಷ್ಯನು ಐವತ್ತೇಳು ಘಳಿಗೆಗೂ ಮಿಗಿಲಾದ ಕಾಲವನ್ನು ಬಿತ್ತದೆ, ಉಳದೆ, ಗೆಡ್ಡೆ ಗೆಣಸುಗಳನ್ನು ಅಗೆದು, ಹಣ್ಣು ಹಂಪಲುಗಳನ್ನು ಆಯ್ದು, ಮೃಗಗಳನ್ನು ಬೇಟೆಯಾಡಿ ಕಳೆದನು. ಜಗತ್ತಿನಲ್ಲಿ ಬೇಸಾಯವು ಹುಟ್ಟಿದುದು ಕೊನೆಯ ಎರಡೂವರೆ ಘಳಿಗೆಯೊಳಗೆ. ನಮ್ಮ ಸೀಮೆಯಲ್ಲಿ ದನ ಸಾಕುವುದೂ ಬಿತ್ತುವುದೂ ಆರಂಭವಾದುದು ಕೊನೆಯ ಒಂದೇ ಘಳಿಗೆಯೊಳಗೆ. ನಾವು ಅನಾದಿಯೆಂದು ಭಾವಿಸಿರುವ ಒಕ್ಕಲುತನವು ಇಷ್ಟು ಈಚಿನದು.

ಬೇಸಾಯಕ್ಕೆ ಮುಂಚಿನ ಜನರು ದಡ್ಡರಾಗಿದ್ದರೆಂದು ತಾವು ತಿಳಿಯಬಾರದು. ಯಾವ ಗಿಡ ಯಾವ ತಿಂಗಳಲ್ಲಿ ಕಾಯಿ ಬಿಡುತ್ತದೆ, ಯಾವ ಗೆಡ್ಡೆಯನ್ನು ಬೇಯಿಸದೆ ತಿನ್ನಬಾರದು, ಚಿಗರೆಯ ಹಿಂಡು ಯಾವ ಹೊತ್ತಿಗೆ ನೀರಿಗೆ ಇಳಿಯುತ್ತದೆ ಎಂಬುದೆಲ್ಲ ಅವರಿಗೆ ಕರತಲಾಮಲಕವಾಗಿತ್ತು. ಕಾಳು ನೆಲಕ್ಕೆ ಬಿದ್ದರೆ ಮಳೆಗೆ ಮೊಳೆಯುತ್ತದೆಂಬುದು ವರ್ಷವಿಡೀ ಕಾಡಿನಲ್ಲಿಯೇ ಇರುವವನ ಕಣ್ಣಿಗೆ ಬೀಳದೆ ಇರಲಾರದು. ಹೀಗೆ ತಿಳಿದೂ ಅವರು ಏಕೆ ಬಿತ್ತಲಿಲ್ಲ? ಬಿತ್ತುವುದು ಅವರಿಗೆ ನಷ್ಟದ ಮಾತಾಗಿತ್ತು. ನೆಲ ಅಗೆಯಬೇಕು, ಕಳೆ ತೆಗೆಯಬೇಕು, ಹಕ್ಕಿ ಹಂದಿಗಳನ್ನು ಕಾಯಬೇಕು, ಕೊಯ್ದು ತುಳಿಸಿ ಕುಟ್ಟಿ ಬೀಸಬೇಕು. ಇವೆಲ್ಲಕ್ಕಿಂತ ಕಷ್ಟವಾದುದೆಂದರೆ, ಹಸಿದ ಮಕ್ಕಳು ಎದುರಿಗಿದ್ದಾಗಲೂ ಬೀಜದ ಕಾಳನ್ನು ಮುಟ್ಟದೆ ಇಡಬೇಕು. ಕಾಡು ಸಮೃದ್ಧವಾಗಿದ್ದಾಗ ಈ ಪಾಡನ್ನು ಯಾರು ತಾನೆ ಮೈಮೇಲೆ ಎಳೆದುಕೊಂಡಾರು?

ಸುಮಾರು ೧೧,೭೦೦ ವರ್ಷಗಳ ಹಿಂದೆ ಹಿಮಯುಗವು ಮುಗಿದು ಹವೆಯು ಬದಲಾಯಿತು. ಅದರ ತರುವಾಯ ಜಗತ್ತಿನ ಬೇರೆ ಬೇರೆ ಭಾಗಗಳಲ್ಲಿ, ಒಬ್ಬರು ಮತ್ತೊಬ್ಬರಿಂದ ಕಲಿಯದೆ, ಜನರು ಬಿತ್ತನೆಗೆ ಕೈ ಹಾಕಿದರು. ಪಶ್ಚಿಮ ಏಷ್ಯದವರು ಗೋಧಿ, ಜವೆಗೋಧಿಗಳನ್ನೂ, ಚೀನದವರು ಬತ್ತ ಮತ್ತು ನವಣೆಗಳನ್ನೂ, ಅಮೆರಿಕದ ಮೆಕ್ಸಿಕೋ ದೇಶದವರು ಒಂದು ಬಗೆಯ ಕಾಡುಹುಲ್ಲಿನಿಂದ ಗೋವಿನಜೋಳವನ್ನೂ ಬೆಳೆಸಿದರು. ಈಗ ಪಾಕಿಸ್ತಾನಕ್ಕೆ ಸೇರಿರುವ ಮೆಹರಗಡವೆಂಬ ಸ್ಥಳದಲ್ಲಿ ಕ್ರಿ. ಪೂ. ೭೦೦೦ ದ ಸುಮಾರಿಗೆ ಜನರು ಬೆಳೆ ಬೆಳೆಯುತ್ತ ಮಣ್ಣಿನ ಮನೆಗಳಲ್ಲಿ ವಾಸಿಸುತ್ತಿದ್ದರು. ನಮ್ಮ ಡುಬ್ಬದ ಎತ್ತಿನ ಪೂರ್ವಜನನ್ನು ಪಳಗಿಸಿದುದೂ ಆ ವಾಯವ್ಯ ಸೀಮೆಯಲ್ಲಿಯೆ.

ಈ ಕೆಲಸದಲ್ಲಿ ಸಸ್ಯವೂ ಮಾರ್ಪಟ್ಟಿತು. ಕಾಡು ಧಾನ್ಯದ ತೆನೆಯು ಹಣ್ಣಾದ ಕೂಡಲೆ ತಾನಾಗಿ ಉದುರುತ್ತದೆ. ಅದರ ವಂಶಕ್ಕೆ ಅದೇ ಹಿತ. ಆದರೆ ಕೊಯ್ಯುವವನ ಕೈಗೆ ಹೆಚ್ಚಾಗಿ ಸಿಕ್ಕುವುದು ಉದುರದೆ ನಿಂತ ತೆನೆ. ಅವನು ಮರುವರ್ಷ ಬಿತ್ತುವುದೂ ಅದೇ ತೆನೆಯ ಕಾಳನ್ನು. ಹೀಗೆ ಸಾವಿರಾರು ಸುಗ್ಗಿಗಳು ಕಳೆದಾಗ ಉದುರದ ಜಾತಿಯೇ ಹೊಲವನ್ನೆಲ್ಲ ತುಂಬಿತು. ಕಾಡು ದ್ವಿದಳ ಧಾನ್ಯಗಳ ಕಾಯಿ ಒಣಗಿದೊಡನೆ ಸಿಡಿಯುತ್ತದೆ. ಅವುಗಳ ಕಾಳಿನ ಸಿಪ್ಪೆ ದಪ್ಪವಾಗಿದ್ದು, ಎಷ್ಟೋ ಕಾಳು ಮೊದಲ ಮಳೆಗೆ ಮೊಳೆಯುವುದಿಲ್ಲ. ಬಿತ್ತಿದೊಡನೆ ಮೊಳೆತ ಕಾಳೇ ಬೆಳೆ ಕೊಟ್ಟು, ಆ ಬೆಳೆಯ ಕಾಳೇ ಮುಂದಿನ ಬೀಜವಾದುದರಿಂದ ಆ ಗುಣವೂ ಕ್ರಮೇಣ ಮಾಯವಾಯಿತು. ತಮ್ಮ ಮನೆಯ ಹೆಣ್ಣುಮಕ್ಕಳು ಕಣದಲ್ಲಿ ಕುಳಿತು ಒಳ್ಳೆಯ ತೆನೆಗಳನ್ನು ಆರಿಸಿ ಬೀಜಕ್ಕೆಂದು ಬೇರೆ ಕಟ್ಟಿಡುತ್ತಿದ್ದರಲ್ಲವೆ? ಅದು ಈ ಪುರಾತನ ಕಾರ್ಯದ ಮುಂದುವರಿಕೆಯೇ ಆಗಿತ್ತು.

ಇನ್ನು ನಮ್ಮ ಸೀಮೆಗೆ ಬರೋಣ. ಬಳ್ಳಾರಿ, ರಾಯಚೂರು, ಸುರಪುರದ ಪ್ರಾಂತಗಳಲ್ಲಿ ಬೂದಿಯ ದಿಬ್ಬಗಳೆಂಬುವು ಅನೇಕವಾಗಿವೆ. ಹಂಪೆಯ ಬಳಿ ನಿಂಬಾಪುರದಲ್ಲಿರುವ ದಿಬ್ಬವನ್ನು ವಾಲಿಯನ್ನು ದಹನ ಮಾಡಿದ ಬೂದಿಯೆಂದು ಜನರು ಹೇಳುತ್ತಾರೆ. ಭೂಗರ್ಭ ಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫುಟ್ ಎಂಬವರು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ದಿಬ್ಬಗಳನ್ನು ಪರೀಕ್ಷಿಸಿ, ಇವು ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದ ಕಾಲದ ಜನರ ದನದ ದೊಡ್ಡಿಗಳೆಂದೂ, ಸಗಣಿ ಸುಟ್ಟು ಆದ ಬೂದಿಯೆಂದೂ ಅಭಿಪ್ರಾಯಪಟ್ಟರು. ೧೯೫೭ ರಲ್ಲಿ ಆಲ್‌ಚಿನ್ ಎಂಬ ವಿದ್ವಾಂಸರು ಈಗ ತೆಲಂಗಾಣಕ್ಕೆ ಸೇರಿರುವ ಉಟ್ನೂರಿನಲ್ಲಿ ಅಗೆದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಕಂಡುಬಂದು ಈ ಮಾತು ದೃಢಪಟ್ಟಿತು. ಮುಂದೆ ಪದ್ದಯ್ಯನವರು ಸುರಪುರದ ಕಡೆಯ ಬೂದಿಹಾಳದಲ್ಲಿ ಅಗೆದು, ದೊಡ್ಡಿಯ ಪಕ್ಕದಲ್ಲಿಯೇ ಜನರು ವಾಸಿಸುತ್ತಿದ್ದ ಎಡೆಯನ್ನೂ ತೋರಿಸಿಕೊಟ್ಟರು.

ಹೀಗೆ, ಕ್ರಿ. ಪೂ. ೩೦೦೦ ದ ಸುಮಾರಿನಿಂದ ಈ ನಾಡಿನಲ್ಲಿದ್ದ ಜನರು ಮೊದಲು ದನಗಾರರು. ಮುಳ್ಳಿನ ಬೇಲಿಯ ದೊಡ್ಡಿಯಲ್ಲಿ ದನಗಳನ್ನು ಕೂಡಿ, ಬಿದ್ದ ಸಗಣಿಯನ್ನು ವರ್ಷ ವರ್ಷವೂ ಒಟ್ಟಿ, ಆಗಾಗ ಅದಕ್ಕೆ ಬೆಂಕಿಯಿಡುತ್ತಿದ್ದರು. ಆ ಉರಿಯ ಕಾವಿಗೆ ಕೆಲವೆಡೆ ಬೂದಿಯು ಕರಗಿ ಕಿಟ್ಟದಂತೆ ಗಟ್ಟಿಯಾಗಿದೆ. ಇದು ಅವರ ಹಬ್ಬದ ಆಚರಣೆಯಾಗಿತ್ತೆಂದು ಅನೇಕ ವಿದ್ವಾಂಸರ ಮತ. ಅದು ಹೇಗೆಯೇ ಇರಲಿ, ಆ ಜನರಿಗೆ ನೆಲವು ವಿಪುಲವಾಗಿತ್ತು, ಜನಸಂಖ್ಯೆ ವಿರಳವಾಗಿತ್ತು. ಹುಲ್ಲು ತೀರಿದರೆ ಮತ್ತೊಂದು ಕಡೆ, ನೀರು ಬತ್ತಿದರೆ ಮತ್ತೊಂದು ಹಳ್ಳ. ಆದುದರಿಂದ ಸಗಣಿಯನ್ನು ಸುಟ್ಟರೂ ಅವರ ಬಾಳಿಗೆ ಕೊರತೆ ಬರಲಿಲ್ಲ.

ಕಾಲಕ್ರಮದಲ್ಲಿ ಈ ದನಗಾರರು ನೆಲೆ ನಿಂತರು. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಬೆಟ್ಟದಲ್ಲಿ ಅಗೆದಾಗ, ಕೆಳಗೆ ಬೂದಿಯ ಪದರವೂ ಅದರ ಮೇಲೆ ಮನೆಗಳಿದ್ದ ಊರಿನ ಪದರವೂ ಕಂಡುಬಂದುವು. ನಮ್ಮ ಹಾವೇರಿ ಜಿಲ್ಲೆಯಲ್ಲಿಯೇ, ತುಂಗಭದ್ರೆಯ ಎಡದಂಡೆಯ ಮೇಲೆ, ಇಲ್ಲಿಂದ ಹೊಳೆಯ ಮೇಲುಭಾಗದಲ್ಲಿ ಹಳ್ಳೂರೆಂಬ ಗ್ರಾಮವಿದೆ. ಅಲ್ಲಿ ಎಂ. ಎಸ್. ನಾಗರಾಜರಾಯರು ೧೯೬೫ ರಲ್ಲಿ ಉತ್ಖನನ ಮಾಡಿದರು. ಕ್ರಿ. ಪೂ. ೨೦೦೦ ದ ಆಚೀಚಿನಿಂದ ಕಬ್ಬಿಣದ ಕಾಲದವರೆಗೆ ಜನರು ಆ ದಂಡೆಯ ಮೇಲೆ ಬಾಳಿದುದಕ್ಕೆ ಪದರದ ಮೇಲೆ ಪದರವಾಗಿ ಸಾಕ್ಷ್ಯ ದೊರೆಯಿತು. ಅವರ ಮನೆಗಳು ದುಂಡಾಗಿದ್ದುವು. ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಕಲ್ಲಿನ ಚೂರುಗಳನ್ನೂ ಹೊಳೆಯ ಹರಳುಗಳನ್ನೂ ಹಾಕಿ ಗಟ್ಟಿ ಮಾಡಿದ ನೆಲ, ಒಳಗೆ ಒಲೆ. ಸತ್ತ ಕೂಸುಗಳನ್ನು ಮಡಕೆಯಲ್ಲಿಟ್ಟು ಊರೊಳಗೆಯೇ ಹೂಳಿದ್ದಾರೆ. ನಾಳೆ ಎದ್ದು ಹೋಗುವವನು ನೆಲವನ್ನು ಇಷ್ಟು ಗಟ್ಟಿ ಮಾಡುವುದಿಲ್ಲ, ತನ್ನ ಕೂಸನ್ನು ಮನೆಯ ಹತ್ತಿರ ಹೂಳುವುದಿಲ್ಲ. ಅವರು ಅಲ್ಲಿಯೇ ಇರಬೇಕೆಂದು ನಿಶ್ಚಯಿಸಿದ್ದರು.

ಹೀಗೆ ನಿಂತವರು ಏನು ತಿನ್ನುತ್ತಿದ್ದರು? ಇದನ್ನು ತಿಳಿಯುವ ಉಪಾಯವು ಸರಳವಾದುದು. ಹಳೆಯ ಪದರದ ಮಣ್ಣನ್ನು ನೀರಿನಲ್ಲಿ ಕಲಸಿದರೆ, ಒಲೆಯ ಬೆಂಕಿಗೆ ಸಿಕ್ಕಿ ಇದ್ದಲಾದ ಕಾಳುಗಳು ಮೇಲಕ್ಕೆ ತೇಲುತ್ತವೆ. ಅವುಗಳನ್ನು ಸೋಸಿ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿಯನ್ನು ಗುರುತಿಸುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಇಂಗ್ಲೆಂಡಿನ ಡೋರಿಯನ್ ಫುಲ್ಲರ್ ಮೊದಲಾದವರು ಈ ರೀತಿ ನಮ್ಮ ಸೀಮೆಯ ಹಲವು ಹಳೆಯ ನೆಲೆಗಳ ಮಣ್ಣನ್ನು ಪರೀಕ್ಷಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ದೊರೆತುವು ನಾಲ್ಕು: ಕೊರಲೆ, ನವಣೆಯ ಜಾತಿಯದೇ ಆದ ಒಂದು ಕಿರುಧಾನ್ಯದ ಹುಲ್ಲು, ಹುರುಳಿ ಮತ್ತು ಹೆಸರು. ಈ ನಾಲ್ಕೂ ನಮ್ಮ ಮುಂಗಾರು ಮಳೆಗೆ ಹೊಂದಿದ ಇಲ್ಲಿಯ ಪೈರುಗಳು. ಇವುಗಳ ಆಧಾರದಿಂದ, ಬೇಸಾಯವು ಸ್ವತಂತ್ರವಾಗಿ ಹುಟ್ಟಿದ ಜಗತ್ತಿನ ಕೆಲವೇ ಸೀಮೆಗಳಲ್ಲಿ ನಮ್ಮ ದಕ್ಷಿಣದ ಈ ಒಣಸೀಮೆಯನ್ನೂ ಎಣಿಸಬಹುದೆಂದು ಆ ವಿದ್ವಾಂಸರು ವಾದಿಸಿದ್ದಾರೆ.

ಇದನ್ನು ಕೇಳಿ ತಾವು, “ಹಾಗಾದರೆ ನಮ್ಮ ಜೋಳ ಎಲ್ಲಿ ಹೋಯಿತು?” ಎಂದು ಕೇಳಬಹುದು. ಜೋಳ, ಸಜ್ಜೆ, ರಾಗಿ ಈ ಮೂರೂ ಆಫ್ರಿಕ ಖಂಡದಲ್ಲಿ ಹುಟ್ಟಿ ತರುವಾಯ ಇಲ್ಲಿಗೆ ಬಂದುವು. ಗೋಧಿ ವಾಯವ್ಯದಿಂದ ಬಂದಿತು. ಬ್ಯಾಡಗಿಯ ಪೇಟೆಗೆ ಹೆಸರು ತಂದ ಮೆಣಸಿನಕಾಯಿ, ತಮ್ಮ ಹೊಲಗಳಲ್ಲಿ ಈಗ ತುಂಬಿರುವ ಗೋವಿನಜೋಳ, ಶೇಂಗಾ ಇವೆಲ್ಲ ಅಮೆರಿಕದವು; ೧೪೯೨ ರಲ್ಲಿ ಕೊಲಂಬಸನು ಆ ಖಂಡವನ್ನು ಮುಟ್ಟಿದ ತರುವಾಯವೇ ಇತ್ತ ಬಂದುವು. ಹೊಸ ಪೈರನ್ನು ಒಪ್ಪಿಕೊಳ್ಳುವುದರಲ್ಲಿ ನಮ್ಮ ಒಕ್ಕಲಿಗನು ಎಂದೂ ಹಿಂದೆ ಬಿದ್ದವನಲ್ಲ. ಅದು ತಪ್ಪೂ ಅಲ್ಲ. ಆದರೆ ಹೊಸ ನೆಂಟರು ಬಂದಾಗಲೂ ನಮ್ಮ ಹಿಂದಿನವರು ಮನೆಯ ಮಕ್ಕಳನ್ನು ಹೊರಗೆ ಹಾಕಲಿಲ್ಲ. ಜೋಳದ ಸಾಲುಗಳ ನಡುವೆ ಅಕ್ಕಡಿಯಾಗಿ ಹೆಸರು, ಮಡಕೆ, ಅವರೆ, ತೊಗರಿಗಳನ್ನು ಬಿತ್ತಿದರು. ಮಸಾರಿ ಹೊಲದ ಕೊನೆಯ ಮಳೆಗೆ ಹುರುಳಿ ಚೆಲ್ಲಿದರು.

ಮಹನೀಯರೆ, ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೆಲೆ ನಿಂತುದರಿಂದ ಮನುಷ್ಯನಿಗೆ ದೊರೆತುದೇನು, ಅವನು ತೆತ್ತುದೇನು? ಹಗೇವು ತುಂಬ ಕಾಳು ದೊರೆಯಿತು, ಮನೆ ದೊರೆಯಿತು. ಕುಂಬಾರ, ಕಮ್ಮಾರ, ನೇಕಾರರ ಕಸುಬುಗಳು ಬೆಳೆದುವು. ಊರು, ಗುಡಿ, ಸಂತೆ, ನ್ಯಾಯಪಂಚಾಯತಿಗಳು ಹುಟ್ಟಿದುವು. ಮಕ್ಕಳ ಸಂಖ್ಯೆ ಹೆಚ್ಚಿತು. ಆದರೆ ಇದೆಲ್ಲ ಪುಕ್ಕಟೆಯಾಗಿ ಬರಲಿಲ್ಲ. ಜಗತ್ತಿನ ಅನೇಕ ಕಡೆಗಳಲ್ಲಿ ಮೊದಲ ಒಕ್ಕಲಿಗರ ಎಲುಬುಗಳನ್ನು ಬೇಟೆಗಾರರ ಎಲುಬುಗಳೊಡನೆ ಹೋಲಿಸಿ ನೋಡಿದರೆ, ಒಕ್ಕಲಿಗರು ಎತ್ತರದಲ್ಲಿ ಕುಗ್ಗಿದುದೂ, ಹಲ್ಲುಗಳು ಹುಳುಕಾದುದೂ ಕಂಡುಬರುತ್ತದೆ. ಒಂದೆರಡು ಕಾಳುಗಳನ್ನೇ ನೆಚ್ಚಿದ ಊಟದ ಫಲವಿದು. ಗುಂಪಾಗಿ ವಾಸಿಸಿದುದರಿಂದ ಅಂಟುರೋಗಗಳೂ ಹೆಚ್ಚಿದುವು.

ಇವೆಲ್ಲಕ್ಕಿಂತ ದೊಡ್ಡ ಮಾತು ಒಂದುಂಟು. ಅಲೆಯುವವನು ದಣಿದ ನೆಲವನ್ನು ಬಿಟ್ಟು ಹೋಗಬಲ್ಲನು. ಅವನು ಹೋದ ಮೇಲೆ ನೆಲವು ತಾನಾಗಿ ಚೇತರಿಸಿಕೊಳ್ಳುತ್ತದೆ. ನಿಂತವನಿಗೆ ಆ ದಾರಿ ಮುಚ್ಚಿತು. ಪ್ರತಿ ಸುಗ್ಗಿಯಲ್ಲಿಯೂ ಕಾಳಿನ ರೂಪದಿಂದ, ಸೊಪ್ಪೆಯ ರೂಪದಿಂದ ಅವನು ನೆಲದ ಸಾರವನ್ನು ಮನೆಗೆ ತರುತ್ತಾನೆ. ತಂದುದರಲ್ಲಿ ಒಂದು ಪಾಲನ್ನು ಹಿಂದಿರುಗಿಸದಿದ್ದರೆ ಅವನ ಲೆಕ್ಕವು ನೆಲದ ಪುಸ್ತಕದಲ್ಲಿ ಬಾಕಿಯಾಗಿ ನಿಲ್ಲುತ್ತದೆ. ಬೇಸಾಯವೆಂದರೆ ಈ ಋಣವನ್ನು ಒಪ್ಪಿಕೊಂಡು ನಿಲ್ಲುವುದು. ನಮ್ಮ ಹಿಂದಿನವರು ತಿಪ್ಪೆಯ ಗೊಬ್ಬರ ಹಾಕಿ, ಕಾಳು ಬದಲಿಸಿ, ಕುರಿಹಿಂಡು ನಿಲ್ಲಿಸಿ ಈ ಬಾಕಿಯನ್ನು ವರ್ಷ ವರ್ಷವೂ ತೀರಿಸುತ್ತ ಬಂದರು. ಆದುದರಿಂದಲೇ ನೂರಾರು ತಲೆಮಾರುಗಳ ಬೇಸಾಯವನ್ನು ಕಂಡ ಈ ಹೊಳೆಸಾಲಿನ ನೆಲವು ಇಂದಿಗೂ ಅನ್ನ ಕೊಡುತ್ತಿದೆ.

ಬೆಳಗ್ಗೆ ಪ್ರಶ್ನೆ ಕೇಳಿದ ಹಿರಿಯರು ಇಲ್ಲಿಯೇ ಕುಳಿತಿದ್ದಾರೆ. ಯಜಮಾನರೆ, ತಮ್ಮ ಭೂಮಿಗೆ ಮುಪ್ಪು ಬಂದಿಲ್ಲ, ಬಾಕಿ ಬೆಳೆದಿದೆ. ವರ್ಷ ಬಿಡದೆ ಗೋವಿನಜೋಳವೊಂದನ್ನೇ ಬಿತ್ತಿದ್ದೀರಿ. ಅದು ಬಹಳ ಉಣ್ಣುವ ಪೈರು. ಚೀಲದ ಗೊಬ್ಬರವು ಪೈರಿಗೆ ಆಹಾರ ಕೊಡುತ್ತದೆ, ನಿಜ. ನಾನು ಅದನ್ನು ಬೇಡವೆನ್ನುವುದಿಲ್ಲ. ಆದರೆ ಮಣ್ಣನ್ನು ಸಡಿಲವಾಗಿಟ್ಟು ಮಳೆಯ ನೀರನ್ನು ಹಿಡಿದಿಡುವ ಕೊಳೆತ ಸಾರವು ಅದರಲ್ಲಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರು ಬಂದ ಮನೆಗಳಲ್ಲಿ ತಿಪ್ಪೆಯೂ ಸಣ್ಣದಾಗಿದೆ. ಆದುದರಿಂದ ತಮ್ಮೆಲ್ಲರಲ್ಲಿ ನಾಲ್ಕು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇನೆ.

ಒಂದನೆಯದಾಗಿ, ಸಗಣಿಯನ್ನು ಸುಡಬಾರದು, ಬಿಸಿಲಿಗೂ ಬಿಡಬಾರದು. ಕುಳ್ಳು ಮಾಡಿ ಉರಿಸಿದರೆ ಅದರಲ್ಲಿರುವ ಸಾರಜನಕವು ಹೊಗೆಯಾಗಿ ಹೋಗಿ, ಸುಣ್ಣ ಕ್ಷಾರಗಳ ಬೂದಿ ಮಾತ್ರ ಉಳಿಯುತ್ತದೆ. ಬೂದಿಯ ದಿಬ್ಬಗಳು ಈ ನಷ್ಟಕ್ಕೆ ಸಾಕ್ಷಿಯಾಗಿ ನಿಂತಿವೆ. ಬಯಲಲ್ಲಿ ಒಟ್ಟಿದ ತಿಪ್ಪೆಯ ಸತ್ವವು ಬಿಸಿಲಿಗೂ ಮಳೆಗೂ ಸಿಕ್ಕಿ ಬಹಳ ಮಟ್ಟಿಗೆ ನಷ್ಟವಾಗುತ್ತದೆ. ಸುಮಾರು ೨೦ ಅಡಿ ಉದ್ದ, ೬ ಅಡಿ ಅಗಲ, ೩ ಅಡಿ ಆಳದ ಗುಂಡಿಯನ್ನು ನೆರಳಿರುವ, ನೀರು ನಿಲ್ಲದ ಎತ್ತರದ ಜಾಗದಲ್ಲಿ ತೋಡಬೇಕು. ಕೊಟ್ಟಿಗೆಯಲ್ಲಿ ಕಸ, ಸೊಪ್ಪೆಯ ಚೂರು, ಒಣಮಣ್ಣುಗಳನ್ನು ಹರಡಿದರೆ ಗಂಜಳವನ್ನು ಅವು ಹೀರಿಕೊಳ್ಳುತ್ತವೆ. ಗಂಜಳದಲ್ಲಿ ಸಗಣಿಗಿಂತ ಹೆಚ್ಚು ಸಾರಜನಕವಿರುವುದು. ಇವೆಲ್ಲವನ್ನೂ ದಿನವೂ ಗುಂಡಿಗೆ ಹಾಕಿ, ತುಂಬಿದ ಮೇಲೆ ಸಗಣಿ ಮಣ್ಣು ಕಲಸಿ ಮೆತ್ತಬೇಕು. ಕೆಲವು ತಿಂಗಳಲ್ಲಿ ಅದು ಒಳ್ಳೆಯ ಗೊಬ್ಬರವಾಗುವುದು.

ಎರಡನೆಯದಾಗಿ, ದ್ವಿದಳ ಧಾನ್ಯವಿಲ್ಲದೆ ಒಂದು ವರ್ಷವನ್ನೂ ಕಳೆಯಬಾರದು. ಹುರುಳಿ, ಹೆಸರು, ತೊಗರಿಗಳ ಬೇರನ್ನು ಮೆಲ್ಲನೆ ಕಿತ್ತು ನೋಡಿದರೆ ಸಣ್ಣ ಗಂಟುಗಳು ಕಾಣುತ್ತವೆ. ಆ ಗಂಟುಗಳಲ್ಲಿರುವ ಸೂಕ್ಷ್ಮ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಒದಗಿಸುತ್ತವೆ. ನಮ್ಮ ಮೊದಲ ಒಕ್ಕಲಿಗರು ಈ ಶಾಸ್ತ್ರವನ್ನು ಅರಿತಿರಲಿಲ್ಲವಾದರೂ ಎರಡು ಹುಲ್ಲುಧಾನ್ಯಗಳಿಗೆ ಜೋಡಿಯಾಗಿ ಎರಡು ದ್ವಿದಳಗಳನ್ನು ಇಟ್ಟುಕೊಂಡಿದ್ದರು. ಅದರಿಂದ ಅವರ ಊಟಕ್ಕೂ ಬಲ ಬಂದಿತು, ನೆಲಕ್ಕೂ ಹಿತವಾಯಿತು. ಎರೆಹೊಲದಲ್ಲಿ ಹಿಂಗಾರಿ ಜೋಳಕ್ಕೆ ಮುಂಚೆ ಮುಂಗಾರಿ ಹೆಸರನ್ನು ತೆಗೆಯಬಹುದು. ಗೋವಿನಜೋಳದ ಸಾಲುಗಳ ನಡುವೆ ತೊಗರಿಯನ್ನು ಬಿತ್ತಬಹುದು. ಮಳೆ ತಡವಾಗಿ ಮಸಾರಿ ಹೊಲ ಬೀಳು ಬೀಳುವಂತಾದರೆ ಹುರುಳಿಯನ್ನಾದರೂ ಬಿತ್ತಬೇಕು.

ಮೂರನೆಯದಾಗಿ, ಬೀಜದ ಗಡಿಗೆಯನ್ನು ಬರಿದು ಮಾಡಬಾರದು. ಹೈಬ್ರಿಡ್ ಗೋವಿನಜೋಳದ ಕಾಳನ್ನು ಮರುವರ್ಷ ಬಿತ್ತಿದರೆ ಪೈರು ಒಂದೇ ಸಮನಾಗಿ ಬರುವುದಿಲ್ಲ. ಅದರ ಬೀಜಕ್ಕೆ ಪ್ರತಿವರ್ಷವೂ ಪೇಟೆಗೆ ಹೋಗಲೇಬೇಕು. ಹುರುಳಿ, ನವಣೆ, ಕೊರಲೆ, ಸಾವೆಗಳಿಗೆ ಈ ತೊಡಕಿಲ್ಲ. ತಮ್ಮ ಹೊಲದ ಉತ್ತಮ ತೆನೆಗಳನ್ನು ತಾವೇ ಆರಿಸಿ, ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಬಾಯಿ ಕಟ್ಟಿ ಇಟ್ಟುಕೊಳ್ಳಬಹುದು. ನಾಲ್ಕು ಸಾವಿರ ವರ್ಷಗಳಿಂದ ಒಂದು ಕೈಯಿಂದ ಮತ್ತೊಂದು ಕೈಗೆ ಸಾಗಿ ಬಂದ ಕಾಳಿದು. ಕೊರಲೆಯನ್ನು ತುಮಕೂರು, ಚಿತ್ರದುರ್ಗದ ಕಡೆಯ ಕೆಲವು ರೈತರು ಇನ್ನೂ ಬಿತ್ತುತ್ತಿದ್ದಾರೆ. ಅದು ಹುಟ್ಟಿ ಬೆಳೆದ ಈ ಹೊಳೆಸಾಲಿನಲ್ಲಿಯೂ ಮನೆಗೊಂದು ಗುಂಟೆಯಷ್ಟಾದರೂ ಇರಲಿ.

ನಾಲ್ಕನೆಯ ಮಾತು ಊರ ಗೌಡರಿಗೂ ಹಿರಿಯರಿಗೂ ಸಂಬಂಧಪಟ್ಟುದು. ಸುಗ್ಗಿಯಾದ ಮೇಲೆ ಕುರುಬರು ಕುರಿಹಿಂಡನ್ನು ಹೊಲದಲ್ಲಿ ರಾತ್ರಿ ನಿಲ್ಲಿಸುವ ಪದ್ಧತಿಯಿದೆಯಷ್ಟೆ. ಹಿಕ್ಕೆಯೂ ಗಂಜಳವೂ ಹೊರುವ ಖರ್ಚಿಲ್ಲದೆ ನೇರವಾಗಿ ಮಣ್ಣಿಗೆ ಸೇರುತ್ತವೆ. ಐದು ಸಾವಿರ ವರ್ಷಗಳ ಹಿಂದೆ ದನಗಾರನು ದೊಡ್ಡಿಯಲ್ಲಿ ಸುಟ್ಟುದನ್ನು ಈ ಪದ್ಧತಿಯು ಹೊಲಕ್ಕೆ ಮುಟ್ಟಿಸುತ್ತದೆ. ಆದರೆ ಗಾಯರಾಣಗಳು ಒತ್ತುವರಿಯಾಗಿ, ಹಿಂಡುಗಳಿಗೆ ದಾರಿಯೂ ಮೇವೂ ಇಲ್ಲದಂತಾದರೆ ಕುರುಬರು ಬರುವುದನ್ನು ಬಿಡುತ್ತಾರೆ. ಒಬ್ಬ ಹಿಡುವಳಿದಾರನಿಂದ ಸರಿಪಡಿಸಲಾಗದ ಕಾರ್ಯವಿದು. ಊರವರು ಪಂಚಾಯತಿಯಲ್ಲಿ ಕುಳಿತು, ಉಳಿದಿರುವ ಗಾಯರಾಣವನ್ನು ಕಾಪಾಡಿ, ಯಾರ ಹೊಲದಲ್ಲಿ ಯಾವಾಗ ಹಿಂಡು ನಿಲ್ಲಬೇಕೆಂಬುದನ್ನು ಗೊತ್ತುಮಾಡಿದರೆ ಎಲ್ಲರಿಗೂ ಉಪಕಾರವಾಗುವುದು.

ಇದರೊಡನೆ ಇನ್ನೊಂದು ಸಣ್ಣ ಕೋರಿಕೆ. ಉಳುವಾಗ ನುಣುಪಾದ ಕಲ್ಲಿನ ಕೊಡಲಿಯೋ ಹಳೆಯ ಮಡಕೆಯ ಚೂರುಗಳೋ ಒಂದೇ ಕಡೆ ಹೆಚ್ಚಾಗಿ ಸಿಕ್ಕಿದರೆ ಅವನ್ನು ಎಸೆಯದೆ, ಆ ಜಾಗವನ್ನು ಮತ್ತೆ ಅಗೆಯದೆ, ಪಂಚಾಯತಿಗೆ ತಿಳಿಸಿರಿ. ತಮ್ಮಂತೆಯೇ ಇಲ್ಲಿ ನಿಲ್ಲಬೇಕೆಂದು ನಿಶ್ಚಯಿಸಿದ ಒಬ್ಬ ಒಕ್ಕಲಿಗನ ಮನೆ ಅದಾಗಿರಬಹುದು.

ಹಳ್ಳೂರಿನ ಆ ಜನರ ಹೆಸರು ನಮಗೆ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಅವರು ತಿಂದುದರಲ್ಲಿ ಉಳಿದುದು ಒಲೆಯಲ್ಲಿ ಸೀದುಹೋದ ಕೆಲವು ಕಾಳುಗಳು ಮಾತ್ರ. ಆದರೆ ತಿನ್ನದೆ ಉಳಿಸಿದ ಬೀಜವು ನಮ್ಮ ಕೈಯವರೆಗೂ ಬಂದಿದೆ. ನಾವು ನಮ್ಮ ಮೊಮ್ಮಕ್ಕಳಿಗೆ ಹೊಲದ ಪತ್ರವನ್ನು ಬಿಟ್ಟುಹೋಗುತ್ತೇವೆ, ಸರಿ. ಆ ಹೊಲದಲ್ಲಿ ಸಾರವನ್ನೂ ಗಡಿಗೆಯಲ್ಲಿ ಬೀಜವನ್ನೂ ಬಿಟ್ಟುಹೋಗುವುದು ನಮ್ಮ ಕರ್ತವ್ಯವಾಗಿದೆ.

ಸಭೆ ಮುಗಿದ ಮೇಲೆ ನಾನು ಆ ಹಿರಿಯರ ಹೊಲಕ್ಕೆ ಮತ್ತೆ ಹೋಗಿ ಪರೀಕ್ಷೆಗಾಗಿ ಮಣ್ಣನ್ನು ತೆಗೆಯತಕ್ಕವನಿದ್ದೇನೆ. ನೋಡಬೇಕೆನ್ನುವವರು ಜೊತೆಯಲ್ಲಿ ಬರಬಹುದು. ತಮ್ಮ ಹೊಲದ ಮಣ್ಣನ್ನು ತರುವವರು, ಹೊಲದ ಎಂಟು ಹತ್ತು ಕಡೆಗಳಲ್ಲಿ ಗೇಣುದ್ದ ಆಳದವರೆಗೆ ತೆಗೆದು, ಒಟ್ಟಿಗೆ ಬೆರೆಸಿ, ನೆರಳಿನಲ್ಲಿ ಆರಿಸಿ, ಅದರಲ್ಲಿ ಒಂದು ಸೇರಿನಷ್ಟನ್ನು ಬಟ್ಟೆಯ ಚೀಲದಲ್ಲಿ ತರತಕ್ಕದ್ದು.